ಹೊಟ್ಟೆಯ ಮಹಾಧಮನಿ ಉಬ್ಬು: ಸೋನೋಗ್ರಫಿಗೆ ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು?

ಮುಂಬೈಯ ಕನ್ನಡ ಸಂಘಗಳ ಆರೋಗ್ಯ ಶಿಬಿರ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಬಿಪಿ, ಶುಗರ್, ಇಸಿಜಿ, ಕಣ್ಣು, ಕೊನೆಗೆ ಉಪ್ಪಿಟ್ಟು, ಚಹಾ. ಡೊಂಬಿವಲಿಯ ನಮ್ಮ ಸಂಘದಲ್ಲಿ ಈ ಸಲ ಇನ್ನೊಂದು ಸೇರಿಸೋಣ ಅನ್ನುವ ಮಾತು ಬಂತು. ವಯಸ್ಸಾದವರ ಹೊಟ್ಟೆಯ ಮಹಾಧಮನಿ, ಅಂದರೆ ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ, ಉಬ್ಬಿದೆಯಾ ಅಂತ ನೋಡಿಸುವುದು. ಸರಿ, ಆದರೆ ಯಾರದ್ದು ನೋಡಿಸುವುದು? ಸದಸ್ಯರಲ್ಲಿ ಹಿರಿಯರೇ ಜಾಸ್ತಿ. ಎಲ್ಲರನ್ನೂ ಕಳಿಸುವಷ್ಟು ದುಡ್ಡೂ ಇಲ್ಲ, ಕಳಿಸಬೇಕಾಗಿಯೂ ಇಲ್ಲ.

ನಾನು ಡಾಕ್ಟರಲ್ಲ. ಹೆಸರು ಬರೆದುಕೊಳ್ಳುವ ಟೇಬಲ್ಲಿನಲ್ಲಿ ಕೂರುವವನು. ಆದರೆ ಆರಿಸುವ ಕೆಲಸದ ಅರ್ಧ ನಡೆಯುವುದು ಆ ಟೇಬಲ್ಲಿನಲ್ಲೇ. ಹಾಗಾಗಿ ಬೇರೆ ಬೇರೆ ದೇಶಗಳಲ್ಲಿ ಇರುವ ನಿಯಮಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ನಮ್ಮವರಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ಬೇರೆ ಸಂಘದವರಿಗೂ, ಮನೆಯಲ್ಲಿ ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋಗಬೇಕಾ ಅಂತ ಯೋಚಿಸುವವರಿಗೂ ಉಪಯೋಗವಾದೀತು.

ಆರಿಸುವುದು ಯಾಕೆ ಬೇಕು?

ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಎದೆ ದಾಟಿ ಹೊಟ್ಟೆಗೆ ಇಳಿದು, ಹೊಕ್ಕುಳಿನ ಹತ್ತಿರ ಎರಡು ಕಾಲಿಗೂ ಕವಲಾಗುತ್ತದೆ. ಹೊಟ್ಟೆಯಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರಿನ ಆಸುಪಾಸು. 3 ಸೆಂ.ಮೀ. ಅಥವಾ ಅದಕ್ಕಿಂತ ಜಾಸ್ತಿ ಆದರೆ ಅದನ್ನು ಅನ್ಯೂರಿಸಂ ಅನ್ನುತ್ತಾರೆ. ಹಳೇ ಸೈಕಲ್ ಟ್ಯೂಬು ಒಂದು ಕಡೆ ತೆಳುವಾಗಿ ಉಬ್ಬುತ್ತದಲ್ಲ, ಹಾಗೆ. ನೋವಿಲ್ಲ, ಜ್ವರವಿಲ್ಲ, ಯಾವ ಸೂಚನೆಯೂ ಇಲ್ಲ. ಒಡೆದರೆ ಮಾತ್ರ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ. ಅದರಲ್ಲೂ ಹಲವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಡುತ್ತಾರೆ. ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡಿದ್ದು ಇದರಿಂದಲೇ.

ಪತ್ತೆ ಮಾಡುವುದು ಸುಲಭ. ಹೊಟ್ಟೆಯ ಸೋನೋಗ್ರಫಿ ಸಾಕು. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ಹತ್ತು ನಿಮಿಷದ ಕೆಲಸ. ಉಬ್ಬು ಇದ್ದರೆ ತಪ್ಪಿಹೋಗುವುದು ಬಹಳ ಕಡಿಮೆ.

ಹಾಗಾದರೆ ಎಲ್ಲರದ್ದೂ ನೋಡಿಬಿಡೋಣ ಅಲ್ವಾ? ಸಮಿತಿಯಲ್ಲಿ ಮೊದಲು ಬಂದ ಮಾತೂ ಅದೇ. ತೊಂದರೆ ಇರುವುದು ಸಿಕ್ಕಿದ ಮೇಲೆ. ಸಿಗುವುದರಲ್ಲಿ ಹೆಚ್ಚಿನವು ಚಿಕ್ಕ ಉಬ್ಬುಗಳು. ಗಂಡಸರಲ್ಲಿ 5.5 ಸೆಂ.ಮೀ. ಆಗುವವರೆಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಒಂದು, ಅಮೆರಿಕದಲ್ಲಿ ಒಂದು, ಎರಡು ದೊಡ್ಡ ಪ್ರಯೋಗಗಳು ನಡೆದಿವೆ. 4ರಿಂದ 5.5ರ ನಡುವೆ ಇರುವವರಿಗೆ ಬೇಗನೆ ಆಪರೇಷನ್ ಮಾಡಿದರೆ ಆಯಸ್ಸು ಜಾಸ್ತಿ ಆಗುವುದಿಲ್ಲ ಅಂತ ಎರಡರಲ್ಲೂ ಕಂಡುಬಂತು. ಅಂದರೆ 3.3 ಸೆಂ.ಮೀ. ಇದೆ ಅಂತ ಗೊತ್ತಾದ ಮನುಷ್ಯ ವರ್ಷವರ್ಷ ಅಳೆಸುತ್ತಾ ಕೂರಬೇಕು. ಕೆಲವರು ನಿದ್ದೆ ಬಿಡುತ್ತಾರೆ. ಕೆಲವರು ಹೆದರಿ ಬೇಡದ ಆಪರೇಷನ್ನಿಗೆ ಓಡುತ್ತಾರೆ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನಿನಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯಬಹುದು. ತೊಡೆಯ ರಕ್ತನಾಳದಿಂದ ಸ್ಟೆಂಟ್ ಹಾಕಿದರೆ ಅಪಾಯ ಕಡಿಮೆ, ಆದರೆ ಖರ್ಚು ಹಲವು ಲಕ್ಷ. ಹಾಗಾಗಿ ಉಬ್ಬು ಇರುವ ಸಂಭವ ನಿಜವಾಗಿಯೂ ಜಾಸ್ತಿ ಇರುವವರನ್ನೇ ಕಳಿಸಬೇಕು.

ಭಾರತದಲ್ಲಿ ಇದಕ್ಕೆ ಸರ್ಕಾರಿ ತಪಾಸಣೆ ಕಾರ್ಯಕ್ರಮ ಇಲ್ಲ. ಹೊರಗಿನ ನಿಯಮಗಳನ್ನೇ ನೋಡಿ ನಾವು ಆರಿಸಿಕೊಳ್ಳಬೇಕು.

ಒಂದನೆಯ ದಾರಿ: 65 ತುಂಬಿದ ಎಲ್ಲ ಗಂಡಸರು

ಬ್ರಿಟನ್, ಸ್ವೀಡನ್‌ಗಳದ್ದು ಇದೇ ದಾರಿ. ಇಂಗ್ಲೆಂಡಿನಲ್ಲಿ 2009ರಲ್ಲಿ ಶುರುವಾಯಿತು. 65 ತುಂಬುವ ವರ್ಷ ಪ್ರತಿ ಗಂಡಸಿಗೂ ಮನೆಗೆ ಪತ್ರ ಬರುತ್ತದೆ. ಬೀಡಿ, ಸಿಗರೇಟು, ಬಿಪಿ, ಏನನ್ನೂ ಕೇಳುವುದಿಲ್ಲ. ಇದರ ಹಿಂದಿರುವ ದೊಡ್ಡ ಆಧಾರ ಬ್ರಿಟನ್ನಿನಲ್ಲಿ ಸುಮಾರು 67 ಸಾವಿರ ಗಂಡಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ. ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಉಬ್ಬಿನಿಂದಾದ ಸಾವು ನಾಲ್ಕು ವರ್ಷದಲ್ಲಿ 42 ಶೇಕಡಾ ಕಡಿಮೆಯಾಗಿತ್ತು.

ಈ ನಿಯಮದ ಗುಣ ಏನೆಂದರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಹುಟ್ಟಿದ ತಾರೀಕು ಸಾಕು. ಸುಳ್ಳು ಹೇಳಲು ಜಾಗವೇ ಇಲ್ಲ.

ಆದರೆ ಆ ಅಧ್ಯಯನದ ಕಾಲದಲ್ಲಿ 65 ದಾಟಿದ ಬ್ರಿಟಿಷ್ ಗಂಡಸರಲ್ಲಿ ನೂರಕ್ಕೆ ಸುಮಾರು ಐವರಿಗೆ ಉಬ್ಬು ಸಿಗುತ್ತಿತ್ತು. ಈಗ ಅಲ್ಲಿ 65ರವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮಾತ್ರ. ಜನ ಸಿಗರೇಟು ಬಿಟ್ಟಿದ್ದು ಇದಕ್ಕೆ ಮುಖ್ಯ ಕಾರಣ. ಇನ್ನೊಂದು ವಿಷಯ ನಮಗೆ ಇನ್ನೂ ಹತ್ತಿರದ್ದು. ಅದೇ ಬ್ರಿಟನ್ನಿನ ತಪಾಸಣೆಯಲ್ಲಿ ಭಾರತ ಉಪಖಂಡದ ಮೂಲದ ಗಂಡಸರಲ್ಲಿ ಈ ಉಬ್ಬು ಬಿಳಿಯರಿಗಿಂತ ಬಹಳ ಕಡಿಮೆ ಸಿಕ್ಕಿದೆ. ಹಾಗಿರುವಾಗ ವಯಸ್ಸೊಂದನ್ನೇ ಹಿಡಿದು ನಮ್ಮ ಹಿರಿಯರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದರೆ, ದುಡ್ಡೂ ಖಾಲಿ, ಸಿಗುವವರೂ ಬೆರಳೆಣಿಕೆ. ನನ್ನ ಮಟ್ಟಿಗೆ ಈ ದಾರಿ ಸಂಘಗಳಿಗಲ್ಲ.

ಎರಡನೆಯ ದಾರಿ: ಸೇದಿದವರು

ಅಮೆರಿಕದ ತಜ್ಞರ ಸಮಿತಿ 2005ರಿಂದ ಹೇಳುತ್ತಾ ಬಂದಿದ್ದು, 2019ರಲ್ಲಿ ಮತ್ತೆ ಹೇಳಿದ್ದು ಇದು: 65ರಿಂದ 75ರ ಗಂಡಸರಲ್ಲಿ, ಜೀವನದಲ್ಲಿ ಯಾವಾಗಲಾದರೂ ಸೇದಿದವರಿಗೆ ಒಂದು ಸಲ ಸೋನೋಗ್ರಫಿ. ಸೇದದ ಗಂಡಸರಿಗೆ ಡಾಕ್ಟರು ನೋಡಿ ಬೇಕೆನಿಸಿದರೆ ಮಾತ್ರ. ಸೇದದ, ಮನೆತನದಲ್ಲೂ ಈ ಕಾಯಿಲೆ ಇಲ್ಲದ ಹೆಂಗಸರಿಗೆ ಬೇಡ.

‘ಸೇದಿದವರು’ ಅಂದರೆ ಯಾರು? ಜೀವನದಲ್ಲಿ ಒಟ್ಟು 100 ಸಿಗರೇಟು. ಕೇಳಿದವರು ನಗುತ್ತಾರೆ. ಹತ್ತರ ಪ್ಯಾಕೆಟ್ಟು ಹತ್ತು, ಅಷ್ಟೇ ತಾನೇ! ಆದರೆ ಗೆರೆಯನ್ನು ಅಷ್ಟು ಕೆಳಗೆ ಎಳೆದಿದ್ದರಲ್ಲಿ ಅರ್ಥ ಇದೆ. ಈ ಕಾಯಿಲೆಗೆ ಬೀಡಿ ಸಿಗರೇಟಿನಷ್ಟು ದೊಡ್ಡ ಕಾರಣ, ನಾವು ಬದಲಾಯಿಸಬಹುದಾದ ಕಾರಣ, ಬೇರೊಂದಿಲ್ಲ. ಬಿಟ್ಟ ಮೇಲೂ ಅಪಾಯ ನಿಧಾನಕ್ಕೆ ಇಳಿಯುತ್ತದೆ, ಒಮ್ಮೆಲೇ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಅದಕ್ಕೇ.

ಇಲ್ಲಿ ಟೇಬಲ್ಲಿನ ಕಥೆ ಸ್ವಲ್ಪ ಹೇಳಬೇಕು. ಮುಂಬೈ ಕನ್ನಡಿಗರಲ್ಲಿ ಒಂದು ತಲೆಮಾರು ಹದಿಮೂರು ಹದಿನಾಲ್ಕನೇ ವಯಸ್ಸಿಗೆ ಕುಂದಾಪುರ, ಉಡುಪಿ ಕಡೆಯಿಂದ ಬಂದು ಹೋಟೆಲ್ಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರದ್ದು. ಅವರೀಗ 65, 70, 75. ಅಂಥವರೊಬ್ಬರನ್ನು ಕೇಳಿದೆ.

“ಶೆಟ್ರೇ, ಸಿಗರೇಟು ಸೇದಿದ್ದುಂಟಾ?”

“ಇಲ್ಲ ಮಾರಾಯ್ರೆ. ನಮಗೆಲ್ಲಿಂದ ಸಿಗರೇಟು?”

“ಬೀಡಿ?”

“ಬೀಡಿಯಾ? ಅದು ಇತ್ತಲ್ಲ. ರಾತ್ರಿ ಹೋಟ್ಲು ಮುಚ್ಚಿದ ಮೇಲೆ ಎಲ್ಲರೂ ಸೇದ್ತಿದ್ರು. ದಿನಕ್ಕೆ ಒಂದು ಕಟ್ಟು. ಮದುವೆ ಆದ್ಮೇಲೆ ಬಿಟ್ಟೆ.”

ಮೊದಲ ಉತ್ತರಕ್ಕೇ ‘ಇಲ್ಲ’ ಅಂತ ಬರೆದಿದ್ದರೆ ಅವರು ಪಟ್ಟಿಯಿಂದ ಹೊರಗೆ. ಫಾರ್ಮಿನಲ್ಲಿ ‘ಧೂಮಪಾನ: ಹೌದು / ಇಲ್ಲ’ ಅಂತ ಅಚ್ಚು ಹಾಕಿಸಿದರೆ ಇದೇ ಆಗುವುದು. ಅವರು ಈಗ ಸೇದುವುದಿಲ್ಲ, ಆದ್ದರಿಂದ ‘ಇಲ್ಲ’. ಹೆಂಡತಿ ಪಕ್ಕದಲ್ಲಿ ನಿಂತಿದ್ದರೆ ಖಂಡಿತ ‘ಇಲ್ಲ’. ಬೀಡಿಯ ಹೆಸರು ಹೇಳಿಯೇ ಕೇಳಬೇಕು, ‘ಮೊದಲು ಯಾವಾಗಲಾದರೂ’ ಅಂತ ಸೇರಿಸಬೇಕು, ಜೊತೆಗೆ ಬಂದವರನ್ನು ಇಸಿಜಿ ಸಾಲಿನ ಕಡೆ ಕಳಿಸಬೇಕು. ಅಮೆರಿಕದವರ ನಿಯಮದಲ್ಲಿ ಬೀಡಿ ಇಲ್ಲ, ನಿಜ. ನಮ್ಮಲ್ಲಿ ಬೀಡಿಯನ್ನು ಸಿಗರೇಟಿಗೆ ಸಮ ಅಂತಲೇ ಹಿಡಿಯಬೇಕು. ಗುಟ್ಕಾ, ಜಗಿಯುವ ತಂಬಾಕು, ಮಿಶ್ರಿ (ಹಲ್ಲಿಗೆ ಉಜ್ಜುವ ಸುಟ್ಟ ತಂಬಾಕಿನ ಪುಡಿ) ಈ ನಿಯಮದೊಳಗೆ ಬರುವುದಿಲ್ಲ. ಅವುಗಳಿಗೆ ಬಾಯಿ ನೋಡುವ ಡಾಕ್ಟರ ಟೇಬಲ್ ಬೇರೆ ಇದೆ.

ಈ ದಾರಿ ಅಗ್ಗ. ಕಳಿಸುವವರ ಸಂಖ್ಯೆ ತುಂಬಾ ಇಳಿಯುತ್ತದೆ, ಸಿಗುವ ಸಂಭವ ಏರುತ್ತದೆ. ನನಗೆ ಹಿಡಿಸಿದ್ದು ಇದೇ. ಕೊರತೆ ಎರಡು. ಸೇದದೇ ಇದ್ದರೂ ಉಬ್ಬು ಬರುವವರು ಇದ್ದಾರೆ. ಇನ್ನೊಂದು, ಹೆಂಗಸರು ಪೂರ್ತಿ ಹೊರಗುಳಿಯುತ್ತಾರೆ.

ಮೂರನೆಯ ದಾರಿ: ಉದ್ದ ಪಟ್ಟಿ

ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆ ನೈಸ್ 2020ರಲ್ಲಿ ಇನ್ನೊಂದು ಪಟ್ಟಿ ಕೊಟ್ಟಿತು. ಪತ್ರ ಬಂದಾಗ ಹೋಗದೆ ಉಳಿದ 66 ದಾಟಿದ ಗಂಡಸರು ಮತ್ತು 70 ದಾಟಿದ ಹೆಂಗಸರಲ್ಲಿ ಇವುಗಳಲ್ಲಿ ಒಂದಾದರೂ ಇದ್ದರೆ ಯೋಚಿಸಿ ಅಂತ: ಬೀಡಿ ಸಿಗರೇಟಿನಿಂದ ಬರುವ ಥರದ ಹಳೇ ಶ್ವಾಸಕೋಶದ ಕಾಯಿಲೆ, ಹೃದಯ ಅಥವಾ ಮೆದುಳಿನ ಅಥವಾ ಕಾಲಿನ ರಕ್ತನಾಳದ ಕಾಯಿಲೆ, ಮನೆತನದಲ್ಲಿ ಈ ಉಬ್ಬು, ಕೊಲೆಸ್ಟರಾಲ್, ಬಿಪಿ, ಈಗ ಅಥವಾ ಹಿಂದೆ ಸೇದಿದ್ದು.

ಹೆಂಗಸರನ್ನು ಸೇರಿಸಿದ್ದು ಒಳ್ಳೆಯದೇ. ಈ ಉಬ್ಬು ಗಂಡಸರಲ್ಲೇ ಹಲವು ಪಟ್ಟು ಜಾಸ್ತಿ, ಆದರೆ ಹೆಂಗಸರಿಗೆ ಬಂದರೆ ಚಿಕ್ಕ ಅಳತೆಯಲ್ಲೇ ಒಡೆಯುವುದುಂಟು. ಅವರಿಗೆ 5 ಸೆಂ.ಮೀ.ಗೇ ಆಪರೇಷನ್ ಬಗ್ಗೆ ಯೋಚಿಸುವುದು ಅದಕ್ಕೆ. ಹಾಗಂತ ಎಲ್ಲ ಹೆಂಗಸರನ್ನೂ ಕರೆದರೆ ಲಾಭ ಇಲ್ಲ ಅನ್ನುವುದನ್ನು ಇಂಗ್ಲೆಂಡಿನ ಚಿಚೆಸ್ಟರ್ ಅಧ್ಯಯನ ಮೊದಲೇ ತೋರಿಸಿತ್ತು.

ಉದ್ದ ಪಟ್ಟಿಯ ತೊಂದರೆ ನಮ್ಮೂರಿನ ಬಿಪಿ. 66 ದಾಟಿದ ಮುಂಬೈಯ ಗಂಡಸರಲ್ಲಿ ಬಿಪಿ, ಕೊಲೆಸ್ಟರಾಲ್ ಎರಡೂ ಇಲ್ಲದವರನ್ನು ಹುಡುಕುವುದೇ ಕಷ್ಟ. ‘ಒಂದಾದರೂ ಇದ್ದರೆ’ ಅಂದ ತಕ್ಷಣ ಜರಡಿ ಹರಿದುಹೋಯಿತು, ಎಲ್ಲರೂ ಒಳಗೆ. ತಿರುಗಿ ಒಂದನೆಯ ದಾರಿಗೇ ಬಂದ ಹಾಗೆ. ಒಬ್ಬೊಬ್ಬರನ್ನೇ ಕೂರಿಸಿ ನೋಡುವ ಫ್ಯಾಮಿಲಿ ಡಾಕ್ಟರಿಗೆ ಈ ಪಟ್ಟಿ ಸರಿ. ಭಾನುವಾರದ ಶಿಬಿರಕ್ಕಲ್ಲ.

ಪಟ್ಟಿಯಲ್ಲಿ ಶುಗರ್ ಇಲ್ಲದಿರುವುದನ್ನು ಗಮನಿಸಿದಿರಾ? ಬಿಟ್ಟುಹೋಗಿದ್ದಲ್ಲ. ಸಕ್ಕರೆ ಕಾಯಿಲೆ ಇಲ್ಲದವರಿಗಿಂತ ಇರುವವರಲ್ಲಿ ಹೊಟ್ಟೆಯ ಮಹಾಧಮನಿ ಉಬ್ಬು ಕಡಿಮೆ ಕಾಣಿಸುತ್ತದೆ, ಬೆಳೆಯುವುದೂ ನಿಧಾನ. ನಮ್ಮ ಶಿಬಿರದ ಫಾರ್ಮುಗಳಲ್ಲಿ ಮೊದಲ ಪ್ರಶ್ನೆಯೇ ಶುಗರ್. ಆ ಅಭ್ಯಾಸದಲ್ಲಿ ‘ಶುಗರ್ ಇದೆ, ಇವರನ್ನೂ ಕಳಿಸಿ’ ಅಂದರೆ ಲೆಕ್ಕ ಉಲ್ಟಾ ಆಗುತ್ತದೆ. ಹಾಗಂತ ಶುಗರ್ ಇದ್ದರೆ ಒಳ್ಳೆಯದು ಅಂತ ಯಾರೂ ಜಿಲೇಬಿ ತಿನ್ನಲು ಹೊರಡಬೇಡಿ, ಕಿಡ್ನಿ, ಕಣ್ಣು, ಹೃದಯ ಕೇಳುವುದಿಲ್ಲ.

ನಾಲ್ಕನೆಯ ದಾರಿ: ರಕ್ತಸಂಬಂಧಿಕರು

ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಇವರಲ್ಲಿ ಯಾರಿಗಾದರೂ ಈ ಉಬ್ಬು ಇದ್ದರೆ ನಿಮಗೆ ಬರುವ ಸಂಭವ ಸುಮಾರು ಎರಡು ಪಟ್ಟು. ಯುರೋಪಿನ ರಕ್ತನಾಳ ಸರ್ಜನ್ನರ ಸಂಘ ಇಂಥವರಿಗೆ 50 ದಾಟಿದರೆ ನೋಡಿಸಿ ಅನ್ನುತ್ತದೆ, ಗಂಡಸರು ಹೆಂಗಸರು ಇಬ್ಬರಿಗೂ. ಅಮೆರಿಕದ ಸರ್ಜನ್ನರ ಸಂಘ 65ರಿಂದ 75 ಅನ್ನುತ್ತದೆ. ಇಲ್ಲಿ ನಾನು ಯುರೋಪಿನವರ ಕಡೆ. ಕಳಿಸಬೇಕಾದವರು ಹೇಗಿದ್ದರೂ ಕೆಲವೇ ಮಂದಿ, ಬೇಗ ನೋಡಿಸಿದರೆ ಹೋಗುವುದೇನು?

ಆದರೆ ‘ಮನೆಯಲ್ಲಿ ಯಾರಿಗಾದರೂ ಅನ್ಯೂರಿಸಂ ಇತ್ತಾ’ ಅಂತ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಊರಿನಲ್ಲಿ ಹಠಾತ್ತಾಗಿ ಸತ್ತವರೆಲ್ಲ ಹಾರ್ಟ್ ಅಟ್ಯಾಕಿನ ಲೆಕ್ಕಕ್ಕೇ ಹೋಗುತ್ತಾರೆ. ‘ಹೊಟ್ಟೆಯೊಳಗೆ ದೊಡ್ಡ ನರ ಉಬ್ಬಿದೆ, ಒಡೆದಿದೆ ಅಂತ ಡಾಕ್ಟರು ಯಾರ ಬಗ್ಗೆಯಾದರೂ ಹೇಳಿದ್ದರಾ? ಹೊಟ್ಟೆಯ ನರಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದ್ದಾರಾ?’ ಅಂತ ಕೇಳಿದರೆ ಒಂದಷ್ಟು ಉತ್ತರ ಬರುತ್ತದೆ. ಇನ್ನೊಂದು ಕಡೆಯಿಂದ ಬಂದರೆ ಇನ್ನೂ ಸುಲಭ. ಸದಸ್ಯರೊಬ್ಬರಿಗೆ ಈ ಆಪರೇಷನ್ ಆಗಿದೆ ಅಂತ ಗೊತ್ತಾದರೆ, ಊರಲ್ಲಿರುವ ಅವರ ಅಣ್ಣ ತಮ್ಮಂದಿರಿಗೆ ಒಂದು ಫೋನ್. ಇದಕ್ಕೆ ಶಿಬಿರವೇ ಬೇಡ.

ಅಂಕ ಹಾಕಿ ಆರಿಸುವುದು

ಅಮೆರಿಕದಲ್ಲಿ 31 ಲಕ್ಷ ಜನರ ಸೋನೋಗ್ರಫಿ ಮಾಹಿತಿ ಇಟ್ಟುಕೊಂಡು 2010ರಲ್ಲಿ ಒಂದು ಅಂಕಪಟ್ಟಿ ಮಾಡಿದರು. ವಯಸ್ಸಿಗೆ ಇಷ್ಟು, ಸೇದಿದ ವರ್ಷಕ್ಕೆ ಇಷ್ಟು ಅಂತ ಕೂಡಿಸುವುದು. ಸೇದದವರು, ಹೆಂಗಸರು, 65ರ ಒಳಗಿನವರಲ್ಲೂ ಉಬ್ಬುಗಳು ಕಡಿಮೆಯೇನಲ್ಲ ಅಂತ ತೋರಿಸಿದ್ದು ಅದರ ದೊಡ್ಡ ಉಪಕಾರ. ಆದರೆ ಅದು ಅಲ್ಲಿನ ಜನರ ಲೆಕ್ಕ, ಅದೂ ತಾವಾಗಿ ಬಂದು ನೋಡಿಸಿಕೊಂಡವರದ್ದು. ನಮ್ಮವರಿಗೆ ಹಾಗೆಯೇ ಹಾಕಿದರೆ ಅಂಕ ಬರುತ್ತದೆ, ಅರ್ಥ ಬರುವುದಿಲ್ಲ.

ಹೇಗಿದ್ದರೂ ಹೊಟ್ಟೆ ನೋಡಿಸುವವರು

ಇದು ಯಾವ ನಿಯಮದಲ್ಲೂ ದೊಡ್ಡದಾಗಿ ಇಲ್ಲ, ಆದರೆ ಮುಂಬೈಯಲ್ಲಿ ತುಂಬಾ ಕೆಲಸಕ್ಕೆ ಬರುವ ದಾರಿ. 65 ದಾಟಿದ ಗಂಡಸರು ಪ್ರೋಸ್ಟೇಟಿಗೆ ಅಂತಲೋ ಪಿತ್ತಕೋಶದ ಕಲ್ಲಿಗೆ ಅಂತಲೋ ಒಮ್ಮೆಯಾದರೂ ಸೋನೋಗ್ರಫಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಮಹಾಧಮನಿಯನ್ನೂ ಅಳೆದರೆ ಬೇರೆ ಖರ್ಚಿಲ್ಲ. ಹೃದಯದ ಎಕೋ ಮಾಡುವಾಗಲೂ ಪ್ರೋಬನ್ನು ಹೊಟ್ಟೆಗಿಟ್ಟು ನೋಡಬಹುದು. ಚೀಟಿಯಲ್ಲಿ ಬರೆಸಿರಬೇಕು, ಅಷ್ಟೇ. ಬರೆಸದಿದ್ದರೆ ರಿಪೋರ್ಟಿನಲ್ಲಿ ‘ಮಹಾಧಮನಿ ನಾರ್ಮಲ್’ ಅಂತ ಒಂದು ಸಾಲು ಇರುತ್ತದೆ, ಅಳತೆ ಇರುವುದಿಲ್ಲ. ಅಥವಾ ‘ಗ್ಯಾಸ್‌ನಿಂದ ಕಾಣಿಸಲಿಲ್ಲ’.

ಹಳೇ ಫೈಲನ್ನೂ ಒಮ್ಮೆ ತೆಗೆದು ನೋಡಿ. 65 ದಾಟಿದ ಮೇಲೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿದ್ದು, ಅದರಲ್ಲಿ ಮಹಾಧಮನಿ ಸರಿಯಿತ್ತು ಅಂತಿದ್ದರೆ ಅವರ ಹೆಸರು ಪಟ್ಟಿಯಿಂದ ತೆಗೆಯಬಹುದು.

ಹಾಗಾದರೆ ನಮ್ಮವರಿಗೆ ಯಾವುದು?

ಎರಡನೆಯ ಮತ್ತು ನಾಲ್ಕನೆಯ ದಾರಿ ಸೇರಿಸಿ. 65ರಿಂದ 75ರ, ಯಾವಾಗಲಾದರೂ ಬೀಡಿ ಸಿಗರೇಟು ಸೇದಿದ ಗಂಡಸರು. 50 ದಾಟಿದ, ರಕ್ತಸಂಬಂಧದಲ್ಲಿ ಈ ಉಬ್ಬು ಇರುವ ಗಂಡಸರು ಹೆಂಗಸರು. ಸೇದುವ ಅಥವಾ ಸೇದುತ್ತಿದ್ದ 65 ದಾಟಿದ ಹೆಂಗಸರನ್ನು ಡಾಕ್ಟರ ಹತ್ತಿರ ಮಾತಾಡಿಸಿ ಕಳಿಸಿ. ಇವರಿಗೆ ಲಾಭ ಇದೆಯಾ ಅನ್ನುವುದಕ್ಕೆ ಅಮೆರಿಕದ ಸಮಿತಿಯೇ ಆಧಾರ ಸಾಲದು ಅಂದಿದೆ. ಬೈಪಾಸ್ ಆಗಿದ್ದು ಸೇದಿದವರೂ ಆಗಿದ್ದರೆ ಅವರನ್ನು ಮೊದಲು ಕಳಿಸಿ. ಉಳಿದ ಹಿರಿಯ ಗಂಡಸರಿಗೆ ‘ಬೇರೆ ಯಾವುದಕ್ಕಾದರೂ ಸೋನೋಗ್ರಫಿ ಮಾಡಿಸುವಾಗ ಇದನ್ನೂ ಅಳೆಸಿ’ ಅಂತ ಹೇಳಿದರೆ ಸಾಕು.

75 ದಾಟಿದವರು? ಗಟ್ಟಿಮುಟ್ಟಾಗಿದ್ದು ಸೇದಿದವರಾಗಿದ್ದರೆ ಕಳಿಸಿ. ಬೇರೆ ಕಾಯಿಲೆಯಿಂದ ಹಾಸಿಗೆ ಹಿಡಿದವರನ್ನು, ಆಪರೇಷನ್ ತಡೆದುಕೊಳ್ಳುವ ಹಾಗಿಲ್ಲದವರನ್ನು ಕಳಿಸಬೇಡಿ. ಸಿಕ್ಕಿದರೂ ಮಾಡುವುದಕ್ಕೇನೂ ಇಲ್ಲದ ಸುದ್ದಿಯನ್ನು ಮನೆಗೆ ಯಾಕೆ ತರುವುದು?

ಚಿಕ್ಕ ವಯಸ್ಸಿನಲ್ಲಿ ರಕ್ತನಾಳದ ಉರಿಯೂತ ಇರುವವರು, ಮಾರ್ಫಾನ್ ಥರದ ಹುಟ್ಟುಕಾಯಿಲೆ ಇರುವವರು ಈ ಪಟ್ಟಿಗೆ ಸೇರುವುದಿಲ್ಲ, ಅವರು ನೇರ ತಜ್ಞರ ಹತ್ತಿರ ಹೋಗಬೇಕು. ಇನ್ನು ಈಗಲೇ ಜೋರಾಗಿ ಹೊಟ್ಟೆನೋವು ಅಥವಾ ಬೆನ್ನುನೋವು ಬಂದು, ಬೆವರಿ ತಲೆಸುತ್ತು ಬರುತ್ತಿದ್ದರೆ ಶಿಬಿರದ ಮಾತೇ ಇಲ್ಲ. 108ಕ್ಕೆ ಫೋನ್ ಮಾಡಿ.

ಒಂದು ಸಂಕಟ ಉಳಿದೇ ಇದೆ. ಸದಸ್ಯರ ಪಟ್ಟಿಯಿಂದ ಶುರು ಮಾಡಿದರೆ ಸಿಗುವವರು ಬ್ಯಾಂಕ್, ಹೋಟೆಲ್, ಆಫೀಸಿನವರು. ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಜೀವ ಸವೆಸಿದ, ಇವತ್ತಿಗೂ ಬೀಡಿ ಸೇದುವ ಹಿರಿಯರು ನಮ್ಮ ಸದಸ್ಯರಲ್ಲ. ಅಪಾಯ ಜಾಸ್ತಿ ಇರುವವರನ್ನು ಹುಡುಕುವುದೇ ಉದ್ದೇಶ ಆದರೆ, ಸಭಾಂಗಣದಲ್ಲಿ ಕೂತು ಕಾಯುವ ಬದಲು ಅವರು ಇರುವ ಕೇರಿಗೆ ಹೋಗಿ ಹೆಸರು ಬರೆದುಕೊಳ್ಳಬೇಕು.

ಕಳಿಸುವಾಗ ನೋಡಿಕೊಳ್ಳಬೇಕಾದ್ದು

ಸೋನೋಗ್ರಫಿ ಮೆಶಿನ್ನನ್ನೇ ಶಿಬಿರಕ್ಕೆ ತರಿಸೋಣ ಅಂತ ಒಬ್ಬರಾದರೂ ಹೇಳುತ್ತಾರೆ. ಆಗುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆ ಪ್ರಕಾರ ಪ್ರತಿ ಮೆಶಿನ್ ನೋಂದಣಿಯಾದ ಜಾಗದಲ್ಲೇ ಇರಬೇಕು. ನೀವು ನೋಡುವುದು ಅಜ್ಜಂದಿರ ಹೊಟ್ಟೆಯೇ ಆದರೂ ಹಾಲ್‌ನಲ್ಲಿ ತಂದಿಟ್ಟರೆ ಸೆಂಟರಿನವರ ಮೇಲೆ ಕೇಸು. ಹಾಗಾಗಿ ಶಿಬಿರದಲ್ಲಿ ಆರಿಸಿ, ಡಾಕ್ಟರ ಚೀಟಿ ಕೊಟ್ಟು, ಹತ್ತಿರದ ಸೆಂಟರಿಗೆ ಕಳಿಸಿ. ನಾಲ್ಕೈದು ಮಂದಿಯನ್ನು ಒಟ್ಟಿಗೆ ಕಳಿಸುತ್ತೇವೆ ಅಂದರೆ ರಿಯಾಯಿತಿ ಕೇಳಿ ನೋಡಬಹುದು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಗ್ಯಾಸಿನ ಅಡ್ಡಿ ಕಡಿಮೆ. ಚೀಟಿಯಲ್ಲಿ ‘ಮಹಾಧಮನಿಯ ಅತಿ ಹೆಚ್ಚಿನ ಅಗಲ, ಮುಂದಿನಿಂದ ಹಿಂದಕ್ಕೆ, ಮಿಲಿಮೀಟರಿನಲ್ಲಿ’ ಅಂತ ಬರೆಸಿ. ಉಬ್ಬು ಸಿಕ್ಕಿದರೆ ತೋರಿಸಲು ರಕ್ತನಾಳದ ಸರ್ಜನ್ ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತ ಶಿಬಿರಕ್ಕೆ ಮೊದಲೇ ವಿಚಾರಿಸಿಡಿ. ಆ ಏರ್ಪಾಡು ಇಲ್ಲದಿದ್ದರೆ ಈ ತಪಾಸಣೆಯನ್ನು ಶುರುವೇ ಮಾಡಬೇಡಿ.

ರಿಪೋರ್ಟ್ ಬಂದ ಮೇಲೆ ಏನು? 2.5 ಸೆಂ.ಮೀ.ಗಿಂತ (25 ಮಿಲಿಮೀಟರ್) ಕಡಿಮೆ ಇದ್ದರೆ ಮುಗಿಯಿತು, ಮತ್ತೆ ಮಾಡಿಸಬೇಕಾಗಿಲ್ಲ. 2.5ರಿಂದ 2.9ರವರಿಗೆ ಹತ್ತು ವರ್ಷ ಬಿಟ್ಟು ಇನ್ನೊಮ್ಮೆ ಅನ್ನುತ್ತಾರೆ ಅಮೆರಿಕದ ಸರ್ಜನ್ನರು. ಬ್ರಿಟನ್ನಿನಲ್ಲಿ 3ರಿಂದ 4.4 ಆದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಆದರೆ ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ. 5.5 ಮುಟ್ಟಿದರೆ ಸರ್ಜನ್ ಹತ್ತಿರ. ಉಬ್ಬು ಸಿಕ್ಕಿದವರು ಬೀಡಿ ಸಿಗರೇಟು ಅವತ್ತೇ ಬಿಡಬೇಕು, ಬಿಪಿ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್ ಬರೆಯುವ ಯಾವ ಡಾಕ್ಟರಿಗೂ ‘ನನಗೆ ಮಹಾಧಮನಿ ಉಬ್ಬು ಇದೆ’ ಅಂತ ಹೇಳಬೇಕು. ಅವುಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮೆಡಿಕಲ್ಲಿನಲ್ಲಿ ಸುಮ್ನೆ ಕೇಳಿ ತರುವವರಂತೂ ನಿಲ್ಲಿಸಲೇಬೇಕು.

ಮುಂದಿನ ಸಲ ಆದಷ್ಟು ಅದೇ ಸೆಂಟರಿಗೆ ಹೋಗಿ. ಕೆಲವರು ನಾಳದ ಒಳಗೋಡೆಯಿಂದ ಒಳಗೋಡೆಗೆ ಅಳೆಯುತ್ತಾರೆ, ಕೆಲವರು ಹೊರಗೋಡೆಯಿಂದ ಹೊರಗೋಡೆಗೆ. ಇದರಲ್ಲೇ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಆಗುತ್ತದೆ. ಹೋದ ವರ್ಷ ಠಾಣೆ ಊರಿನ ಸೆಂಟರಿನಲ್ಲಿ 3.9 ಬಂದು ಈ ವರ್ಷ ಮುಲುಂಡಿನ ಸೆಂಟರಿನಲ್ಲಿ 4.3 ಬಂದರೆ ಉಬ್ಬು ಬೆಳೆದಿದೆ ಅಂತ ಹೆದರುವ ಮೊದಲು, ಎರಡೂ ಕಡೆ ಎಲ್ಲಿಂದ ಎಲ್ಲಿಗೆ ಅಳೆದರು ಅಂತ ಕೇಳಿ. ಹಳೇ ರಿಪೋರ್ಟಿನ ಜೊತೆ ಅದರ ಚಿತ್ರಗಳನ್ನೂ ತೆಗೆದುಕೊಂಡು ಹೋದರೆ ಡಾಕ್ಟರೇ ಹೋಲಿಸಿ ನೋಡುತ್ತಾರೆ.